ಕತ್ತಲೆಯ ಮೋಡಗಳ ಸಾಕ್ಷ್ಯ

ಕೆಲವು ತಿಂಗಳ ಹಿಂದೆ ಒಂದು ಊರಿನ ವಾಚನಾಲಯದಲ್ಲಿ ಆಕಾಶದ ಕತ್ತಲೆಯ ಮೋಡಗಳನ್ನು ಕುರಿತು ನಾಲ್ಕು ಮಾತು ಹೇಳುವ ಪ್ರಸಂಗ ನನಗೆ ಒದಗಿತು. ಭಾಷಣ ಮುಗಿದೊಡನೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಎದ್ದು ನಿಂತರು. ಅವರು ನಿವೃತ್ತ ಉಪಾಧ್ಯಾಯರೆಂದು ಆಮೇಲೆ ತಿಳಿಯಿತು. ಜೇಬಿನಿಂದ ಮಡಿಸಿಟ್ಟ ಪತ್ರಿಕೆಯ ತುಣುಕೊಂದನ್ನು ತೆಗೆದು, “ಸ್ವಾಮಿ, ಇದರಲ್ಲಿ ಬಾಹ್ಯಾಕಾಶದಲ್ಲಿ ಜೀವದ ಬೀಜ ಪತ್ತೆಯಾಯಿತೆಂದು ಅಚ್ಚಾಗಿದೆ. ತಾವು ಒಂದು ಗಂಟೆ ಮಾತಾಡಿದಿರಿ. ಬೀಜದ ಸುದ್ದಿಯನ್ನೇ ಎತ್ತಲಿಲ್ಲ. ಇದು ಸುಳ್ಳೋ, ಇಲ್ಲ ತಮಗೆ ಇನ್ನೂ ತಿಳಿಯದೋ?” ಎಂದು ಕೇಳಿದರು. ಸಭೆ ನಕ್ಕಿತು. ನಾನೂ ನಕ್ಕು, ಅವಸರದಲ್ಲಿ ಏನೋ ಹೇಳಿ ಕುಳಿತುಬಿಟ್ಟೆ. ಆ ಪ್ರಶ್ನೆ ನಕ್ಕು ಕಳೆಯತಕ್ಕದ್ದಲ್ಲವೆಂದು ಮನೆಗೆ ಬಂದ ಮೇಲೆ ಅನ್ನಿಸಿತು. ಅವರಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಮೋಡಗಳೆಂದರೆ ಏನೆಂಬುದನ್ನು ಹೇಳಬೇಕು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿಲಿಯಂ ಹರ್ಷೆಲ್ ತನ್ನ ದೂರದರ್ಶಕವನ್ನು ವೃಶ್ಚಿಕ ರಾಶಿಯ ಕಡೆಗೆ ತಿರುಗಿಸಿದಾಗ, ಒತ್ತೊತ್ತಾಗಿ ನಕ್ಷತ್ರಗಳು ತುಂಬಿದ ಬಯಲಿನ ನಡುವೆ ಒಂದೂ ನಕ್ಷತ್ರವಿಲ್ಲದ ಕರಿಯ ತಾಣವೊಂದು ಕಂಡಿತು. ಆಕಾಶದಲ್ಲಿ ತೂತು ಬಿದ್ದಿದೆಯೆಂದೇ ಅವನು ಬಗೆದನು. ಅಮೆರಿಕದ ಬರ್ನಾರ್ಡ್ ವರ್ಷಗಟ್ಟಲೆ ಆಕಾಶಗಂಗೆಯ ಛಾಯಾಚಿತ್ರಗಳನ್ನು ತೆಗೆದು, 1919ರಲ್ಲಿ ಇಂತಹ 182 ತಾಣಗಳ ಪಟ್ಟಿಯನ್ನು ಪ್ರಕಟಿಸಿದನು. ಇವೆಲ್ಲ ತೂತುಗಳಾಗಿರಲಾರವು, ಹಿಂದಿರುವ ನಕ್ಷತ್ರಗಳನ್ನು ಏನೋ ಮರೆಮಾಡಿರಬೇಕು ಎಂಬುದು ಕ್ರಮೇಣ ಎಲ್ಲರಿಗೂ ಮನವರಿಕೆಯಾಯಿತು. ಆ ‘ಏನೋ’ ಎಂಬುದು ಅನಿಲ ಮತ್ತು ಧೂಳು. ತೂಕದಲ್ಲಿ ಧೂಳು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ. ಆದರೆ ನಕ್ಷತ್ರದ ಬೆಳಕನ್ನು ನುಂಗುವ ಕೆಲಸವೆಲ್ಲ ಅದರದೆ.

ಇವುಗಳಲ್ಲಿ ಒಂದನ್ನು ನಾವು ಮನೆಯ ಅಂಗಳದಿಂದಲೇ ಬೆರಳಿಟ್ಟು ತೋರಿಸಬಹುದು, ಕಾಣಲಾಗದಿದ್ದರೂ. ಜನವರಿಯ ಮಧ್ಯದಲ್ಲಿ ರಾತ್ರಿ ಒಂಬತ್ತರ ವೇಳೆಗೆ ಕೃತ್ತಿಕೆಯೂ ರೋಹಿಣಿಯೂ ನಮ್ಮ ನೆತ್ತಿಯ ಸಮೀಪದಲ್ಲಿರುತ್ತವೆ. ರೋಹಿಣಿಯಿಂದ ಉತ್ತರಕ್ಕೆ ಸುಮಾರು ಒಂಬತ್ತು ಅಂಶಗಳಷ್ಟು ಸರಿದರೆ ಬರಿಗಣ್ಣಿಗೆ ಹೇಳಿಕೊಳ್ಳುವಂಥದು ಯಾವುದೂ ಇಲ್ಲ. ಟಿ.ಎಂ.ಸಿ.-1 ಎಂದು ವಿಜ್ಞಾನಿಗಳು ಕರೆಯುವ ವೃಷಭ ರಾಶಿಯ ಮೋಡ ಇರುವುದು ಅಲ್ಲಿಯೆ. ದೂರ ಸುಮಾರು 450 ಜ್ಯೋತಿರ್ವರ್ಷ. ರಕ್ಕಸತಂಗಡಿಯಲ್ಲಿ ವಿಜಯನಗರ ಮುರಿದುಬಿದ್ದ ಕಾಲದ ಆಸುಪಾಸಿನಲ್ಲಿ ಅಲ್ಲಿಂದ ಹೊರಟ ಅಲೆಗಳು ಈಗ ನಮ್ಮನ್ನು ಮುಟ್ಟುತ್ತಿವೆ. ಅಲ್ಲಿಯ ಶೀತ ಸೊನ್ನೆಗಿಂತ 263 ಅಂಶ ಕೆಳಗೆ. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ 27ರ ಮುಂದೆ ಹದಿನೆಂಟು ಸೊನ್ನೆಗಳಿಟ್ಟಷ್ಟು ಅಣುಗಳಿದ್ದರೆ, ಆ ಮೋಡದ ಅಷ್ಟೇ ಜಾಗದಲ್ಲಿ ಇರುವುದು ಹತ್ತು ಸಾವಿರದ ಆಸುಪಾಸು. ಪ್ರಯೋಗಶಾಲೆಯಲ್ಲಿ ನಾವು ನಿರ್ವಾತವೆಂದು ಕರೆಯುವುದು ಇದಕ್ಕಿಂತ ಎಷ್ಟೋ ಕಿಕ್ಕಿರಿದ ಸ್ಥಳ. ಅದನ್ನು ಮೋಡವೆನ್ನುವುದೂ ಒಂದು ಉಪಚಾರದ ಮಾತೆ.

ಬೆಳಕು ಒಳಹೊಗದ, ಹೊರಬರದ ಇಂತಹ ಮೋಡದೊಳಗೆ ಏನಿದೆಯೆಂದು ತಿಳಿಯುವುದು ಹೇಗೆ? ಅಲ್ಲಿಂದ ಹೊರಟು ಧೂಳನ್ನು ಲೆಕ್ಕಿಸದೆ ದಾಟಿ ಬರುವ ದೂತನೆಂದರೆ ರೇಡಿಯೋ ತರಂಗ. ಅಣುವು ಬುಗುರಿಯಂತೆ ತಿರುಗುತ್ತದೆ; ಆದರೆ ಬುಗುರಿಯ ಹಾಗೆ ಮನಬಂದ ವೇಗದಲ್ಲಲ್ಲ. ಪ್ರತಿಯೊಂದು ಬಗೆಯ ಅಣುವಿಗೂ ಗೊತ್ತಾದ ಕೆಲವೇ ವೇಗಗಳುಂಟು. ಹೆಚ್ಚಿನ ವೇಗದಿಂದ ಕಡಮೆಯದಕ್ಕೆ ಇಳಿದಾಗ ಅದು ಗೊತ್ತಾದ ಉದ್ದದ ಒಂದು ಅಲೆಯನ್ನು ಬಿಡುತ್ತದೆ. ಕಾರ್ಬನ್ ಮಾನಾಕ್ಸೈಡಿನದು 2.6 ಮಿಲಿಮೀಟರು, ಅದು ಭೂಮಿಯ ಮೇಲಿದ್ದರೂ ಅಷ್ಟೆ, ವೃಷಭದಲ್ಲಿದ್ದರೂ ಅಷ್ಟೆ. ಅಣುವಿನ ಈ ಅಲೆಗಳ ಸಾಲು ಅದರ ರುಜು. ಮೋಡದ ಬಹುಪಾಲಾದ ಜಲಜನಕದ ಅಣು ಮಾತ್ರ ಇಂತಹ ರುಜು ಹಾಕಲಾರದು. ಮನೆಯ ಯಜಮಾನ ಮೂಕ, ಮಾತಾಡುವವರೆಲ್ಲ ಪರಿಚಾರಕರು.

ಈ ಕಥೆಯ ಆರಂಭವನ್ನು ಬೇಗ ಹೇಳಿ ಮುಗಿಸುತ್ತೇನೆ. 1937ರಿಂದ 1941ರೊಳಗೆ ನಕ್ಷತ್ರಗಳ ಬೆಳಕಿನಲ್ಲಿಯೇ ಎರಡೆರಡು ಪರಮಾಣುಗಳ ಮೂರು ಸರಳ ಅಣುಗಳ ಗುರುತು ಸಿಕ್ಕಿತು. 1963ರಲ್ಲಿ ರೇಡಿಯೋ ಮೂಲಕ ಹೈಡ್ರಾಕ್ಸಿಲ್ ಕಂಡಿತು. ಇಷ್ಟಾದರೂ ಮೂರು ನಾಲ್ಕು ಪರಮಾಣುಗಳು ಕೂಡಿದ ಅಣುಗಳು ಅಂತಹ ಶೂನ್ಯದಲ್ಲಿ ಹುಟ್ಟಲಾರವು, ಹುಟ್ಟಿದರೂ ನಕ್ಷತ್ರಗಳ ಅತಿನೇರಳೆ ಕಿರಣಗಳಿಗೆ ಸಿಕ್ಕಿ ಉಳಿಯಲಾರವು ಎಂಬುದು ಅನೇಕ ದೊಡ್ಡವರ ಮತವಾಗಿದ್ದಿತು. ಚಾರ್ಲ್ಸ್ ಟೌನ್ಸ್ ಮಾತ್ರ 1955ರಷ್ಟು ಹಿಂದೆಯೇ ಎಂತೆಂಥ ಅಣುಗಳನ್ನು ರೇಡಿಯೋದಲ್ಲಿ ಹುಡುಕಬಹುದೆಂದು ಪಟ್ಟಿ ಮಾಡಿಕೊಟ್ಟಿದ್ದನು. ಅಮೋನಿಯದ ಅಣುವನ್ನೇ ಬಳಸಿ 1954ರಲ್ಲಿ ಮೇಸರ್ ಎಂಬ ಉಪಕರಣವನ್ನು ನಿರ್ಮಿಸಿದ್ದ ಮನುಷ್ಯ ಅವನು. 1968ರಲ್ಲಿ ಕ್ಯಾಲಿಫೋರ್ನಿಯದ ಹ್ಯಾಟ್ ಕ್ರೀಕಿನಲ್ಲಿ, ಆರು ಮೀಟರ್ ಅಗಲದ ಸಾಧಾರಣ ತಟ್ಟೆಯೊಂದರಿಂದ, ಅವನೂ ಅವನ ಸಂಗಡಿಗರೂ ಆಕಾಶಗಂಗೆಯ ಕೇಂದ್ರದ ಕಡೆಯಿಂದ ಬರುವ ಅದೇ ಅಮೋನಿಯದ 1.25 ಸೆಂಟಿಮೀಟರ್ ಅಲೆಯನ್ನು ಕೇಳಿದರು. ಮರುವರ್ಷ ನೀರು ಬಂದಿತು, ಫಾರ್ಮಾಲ್ಡಿಹೈಡ್ ಬಂದಿತು. 1970ರಲ್ಲಿ ಕಾರ್ಬನ್ ಮಾನಾಕ್ಸೈಡ್. ಅಲ್ಲಿಂದ ಮುಂದೆ ಬಾಗಿಲು ಮುಚ್ಚಿದ್ದೇ ಇಲ್ಲ. ನಕ್ಷತ್ರಗಳ ನಡುವಣ ಪ್ರದೇಶದಲ್ಲಿಯೂ ನಕ್ಷತ್ರಗಳ ಸುತ್ತಣ ಹೊದಿಕೆಗಳಲ್ಲಿಯೂ ಈವರೆಗೆ ಗುರುತಾದ ಅಣುಗಳ ಸಂಖ್ಯೆ 300ನ್ನು ಮೀರಿದೆ.

ಈ ಫಾರ್ಮಾಲ್ಡಿಹೈಡ್ ವಿಚಾರವಾಗಿ ಒಂದು ಮಾತು ಹೇಳದಿರಲಾರೆ. ವಿಶ್ವದ ಆದಿಯ ಕಾವು ಈಗ ಆರಿ ತಣಿದು, ಕೇವಲ ನಿರಪೇಕ್ಷ 2.7 ಅಂಶದ ಒಂದು ಮಂದ ರೇಡಿಯೋ ಪ್ರಭೆಯಾಗಿ ಎಲ್ಲ ದಿಕ್ಕುಗಳಿಂದಲೂ ಬರುತ್ತಿದೆಯೆಂಬುದು 1965ರಲ್ಲಿ ತಿಳಿದ ಸಂಗತಿ. ಕತ್ತಲೆಯ ಮೋಡಗಳಲ್ಲಿರುವ ಫಾರ್ಮಾಲ್ಡಿಹೈಡ್ 6 ಸೆಂಟಿಮೀಟರ್ ಅಲೆಯ ಮಟ್ಟಿಗೆ ಈ ಪ್ರಭೆಗಿಂತಲೂ ತಣ್ಣಗಿದ್ದು, ಅದನ್ನೇ ಹೀರುತ್ತದೆಯೆಂದು 1969ರಲ್ಲಿಯೇ ಕಂಡುಬಂದಿತು. ಹಿಂದೆ ದೀಪವೊಂದು ಇಲ್ಲದೆಯೂ ಆ ಮೋಡ ತನ್ನ ನೆರಳನ್ನು ವಿಶ್ವದ ಅತ್ಯಂತ ಹಳೆಯ ಬೆಳಕಿನ ಮೇಲೆ ಚೆಲ್ಲುತ್ತದೆ. ‘ಜೀವದ ಬೀಜ’ ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕುವ ನಮ್ಮ ಪತ್ರಿಕೆಗಳಲ್ಲಿ ಈ ಸಂಗತಿಗೆ ಒಂದು ಅಂಗುಲ ಜಾಗ ದೊರೆತುದನ್ನು ನಾನು ಕಾಣೆ.

ಇನ್ನು ವೃದ್ಧರ ಪ್ರಶ್ನೆಗೆ ಬರುತ್ತೇನೆ. ಅಲೆಯೊಂದು ಬಂದಿತು, ಅದು ಇಂಥ ಅಣುವಿನದೆಂದು ಹೇಳುವ ಹಕ್ಕು ನಮಗೆ ಯಾವಾಗ ಬರುತ್ತದೆ? ಎಲ್ಲ ವಿವಾದವೂ ಇಲ್ಲಿದೆ. 1970ರಲ್ಲಿ ಬುಹ್ಲ್ ಮತ್ತು ಸ್ನೈಡರ್ ಎಂಬ ಇಬ್ಬರು 3.4 ಮಿಲಿಮೀಟರಿನ ಬಳಿ ಪ್ರಬಲವಾದ ರೇಖೆಯೊಂದನ್ನು ಕಂಡರು. ಭೂಮಿಯ ಯಾವ ಪ್ರಯೋಗಶಾಲೆಯ ದಾಖಲೆಯಲ್ಲಿಯೂ ಅದು ಇರಲಿಲ್ಲ. ಅವರು ಊಹೆಗೆ ಹೆಸರಿಟ್ಟು ಮೆರೆಯಲಿಲ್ಲ. ‘ಎಕ್ಸೋಜೆನ್’ ಎಂದು, ಅಂದರೆ ‘ಯಾರೋ ಅಪರಿಚಿತ’ ಎಂದು, ಕರೆದು ಸುಮ್ಮನಾದರು. ಅದೇ ವರ್ಷ ಕ್ಲೆಂಪರರ್ ಎಂಬ ರಸಾಯನವಿಜ್ಞಾನಿ, ಇದು ಕಾರ್ಬನ್ ಮಾನಾಕ್ಸೈಡಿಗೆ ಜಲಜನಕದ ಬೀಜಾಣುವೊಂದು ಅಂಟಿಕೊಂಡ ವಿದ್ಯುದಾವಿಷ್ಟ ಅಣುವಾಗಿರಬೇಕೆಂದು ಸೂಚಿಸಿದನು. ಅದನ್ನು ಭೂಮಿಯ ಮೇಲೆ ತಯಾರಿಸಿ, ಅಳೆದು, ಹೌದೆನ್ನಲು 1975ರವರೆಗೆ ಕಾಯಬೇಕಾಯಿತು. ಐದು ವರ್ಷ ಅದು ಅನಾಮಧೇಯವಾಗಿಯೇ ಇದ್ದಿತು. ಅದರಿಂದ ಯಾರ ಗಂಟೂ ಹೋಗಲಿಲ್ಲ.

ಹೋಗುವುದಿರಲಿ, ಲಾಭವೇ ಆಯಿತು. ಅಷ್ಟು ಶೀತದಲ್ಲಿ ಸಾಧಾರಣ ಅಣುಗಳು ಒಂದನ್ನೊಂದು ಮುಟ್ಟಿದರೂ ಬಹುಮಟ್ಟಿಗೆ ಸುಮ್ಮನೆ ಸರಿದುಹೋಗುತ್ತವೆ. ಹಾಗಾದರೆ ರಸಾಯನಕ್ರಿಯೆ ನಡೆಯುವುದಾದರೂ ಹೇಗೆ? ಮೋಡವನ್ನು ಭೇದಿಸಿಕೊಂಡು ಹೋಗುವ ವಿಶ್ವಕಿರಣಗಳು ಜಲಜನಕದ ಅಣುವನ್ನು ಒಡೆದು ವಿದ್ಯುದಾವಿಷ್ಟ ಮಾಡುತ್ತವೆ, ಅದರಿಂದ ಮೂರು ಜಲಜನಕಗಳು ಕೂಡಿದ ಒಂದು ಚಂಚಲ ಅಣು ಹುಟ್ಟುತ್ತದೆ, ಅದು ಸಿಕ್ಕಸಿಕ್ಕವರಿಗೆ ತನ್ನ ಬೀಜಾಣುವನ್ನು ದಾನಮಾಡುತ್ತ ಹೋಗುತ್ತದೆ ಎಂದು ಕ್ಲೆಂಪರರನೂ ಹರ್ಬ್ಸ್ಟನೂ 1973ರಲ್ಲಿ ವಿವರಿಸಿದರು. ಎಕ್ಸೋಜೆನ್ ಅಂತಹ ದಾನದ ಫಲ. ಆ ದಾನಿಯ ರುಜುವನ್ನು ತಕೇಶಿ ಓಕ 1980ರಲ್ಲಿ ಪ್ರಯೋಗಶಾಲೆಯಲ್ಲಿ ಅಳೆದನು. ಆಕಾಶದಲ್ಲಿ ಅವನೂ ಗೆಬಾಲೆಯೂ ಅದನ್ನು ಕಂಡದ್ದು 1996ರಲ್ಲಿ. ಊಹೆಗೂ ದರ್ಶನಕ್ಕೂ ನಡುವೆ ಇಪ್ಪತ್ತಮೂರು ವರ್ಷ.

ಈಗ ನನ್ನ ವಾದಕ್ಕೆ ಮುಖ್ಯವಾದ ಎರಡು ಪ್ರಸಂಗಗಳು. ಮೊದಲನೆಯದು ನಮ್ಮ ವೃಷಭದ ಮೋಡದ್ದೆ. ಇಂಗಾಲದ ಪರಮಾಣುಗಳು ಮಣಿಸರದಂತೆ ಸಾಲಾಗಿ ನಿಂತು, ಒಂದು ತುದಿಯಲ್ಲಿ ಜಲಜನಕವೂ ಇನ್ನೊಂದು ತುದಿಯಲ್ಲಿ ಸಾರಜನಕವೂ ಕೂಡಿಕೊಂಡ ಅಣುಗಳಿಂದ ಅದು ತುಂಬಿದೆ. ಇಂಗ್ಲೆಂಡಿನ ಸಸೆಕ್ಸಿನಲ್ಲಿ ಹ್ಯಾರಿ ಕ್ರೋಟೋ ಮತ್ತು ಜತೆಗಾರರು ಇಂತಹ ಸರಗಳನ್ನು ತಯಾರಿಸಿ ಅಳೆದರು. ಕೆನಡದ ಅಲ್ಗಾನ್‌ಕ್ವಿನ್ ಅರಣ್ಯದ 46 ಮೀಟರ್ ತಟ್ಟೆಯಿಂದ ಏಳು ಇಂಗಾಲದ ಸರವೂ, 1978ರಲ್ಲಿ ಒಂಬತ್ತು ಇಂಗಾಲದ ಸರವೂ ಸಿಕ್ಕಿದವು. (ಈ ಸರಗಳ ಹುಚ್ಚೇ ಕ್ರೋಟೋವನ್ನು 1985ರಲ್ಲಿ ಅರವತ್ತು ಇಂಗಾಲದ ಚೆಂಡಿನಂತಹ ಅಣುವಿನೆಡೆಗೂ, 1996ರಲ್ಲಿ ನೊಬೆಲ್ ಪಾರಿತೋಷಕದೆಡೆಗೂ ಒಯ್ದಿತು.) ಒಂಬತ್ತಾದ ಮೇಲೆ ಹನ್ನೊಂದು ಬರಬೇಕಷ್ಟೆ. 1997ರಲ್ಲಿ ಅದೂ ಸಿಕ್ಕಿತೆಂದು, ಅಮೆರಿಕದ ಗ್ರೀನ್ ಬ್ಯಾಂಕಿನಲ್ಲಿ ಪಡೆದ ಎರಡು ಕ್ಷೀಣ ರೇಖೆಗಳ ಆಧಾರದ ಮೇಲೆ, ಪ್ರಕಟವಾಯಿತು. ಎಲ್ಲರೂ ನಂಬಿದರು, ಪಟ್ಟಿಗಳಲ್ಲಿ ಸೇರಿಸಿದರು. 2016ರಲ್ಲಿ ಲೂಮಿಸ್ ಮತ್ತು ಸಂಗಡಿಗರು ಅದೇ ಗ್ರೀನ್ ಬ್ಯಾಂಕಿನ 100 ಮೀಟರ್ ತಟ್ಟೆಯನ್ನು ಅದೇ ಮೋಡಕ್ಕೆ ತಿರುಗಿಸಿ ನೋಡಿದಾಗ ಕಾಣಬೇಕಾದಲ್ಲಿ ಏನೂ ಕಾಣಲಿಲ್ಲ. ಹತ್ತೊಂಬತ್ತು ವರ್ಷ ಪಟ್ಟಿಯಲ್ಲಿ ಕುಳಿತಿದ್ದ ಅಣುವನ್ನು ಎಬ್ಬಿಸಿ ಕಳಿಸಬೇಕಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಅದೇ ಲೂಮಿಸ್ ಮತ್ತು ಸಂಗಡಿಗರು, ಬಿಡಿಬಿಡಿಯಾಗಿ ಕಾಣದಷ್ಟು ಕ್ಷೀಣವಾದ ಹಲವಾರು ರೇಖೆಗಳನ್ನು ಒಂದರ ಮೇಲೊಂದು ಜೋಡಿಸಿ ಕೂಡಿಸುವ ಕ್ರಮದಿಂದ, ಆ ಹನ್ನೊಂದು ಇಂಗಾಲದ ಸರ ಅಲ್ಲಿ ಇದೆಯೆಂದು ತೋರಿಸಿಕೊಟ್ಟರು. 1997ರಲ್ಲಿ ಹೇಳಿದ್ದಕ್ಕಿಂತ ಬಹಳ ಕಡಮೆ ಮೊತ್ತದಲ್ಲಿ. ಹಾಗಾದರೆ ಮೊದಲು ಹೇಳಿದವರೇ ಗೆದ್ದರಲ್ಲ ಎನ್ನುವವರುಂಟು. ನಾನು ಒಪ್ಪಲಾರೆ. ಅಣು ಇದ್ದದ್ದು ನಿಜ. ಅವರು ಅದನ್ನು ಕಂಡದ್ದು ನಿಜವಲ್ಲ. ನ್ಯಾಯಸ್ಥಾನದಲ್ಲಿ ಕಟಕಟೆ ಏರಿದವನು ತಾನು ನೋಡದುದನ್ನು ನೋಡಿದೆನೆಂದು ಹೇಳಿ, ಆಮೇಲೆ ಬೇರೆ ದಾರಿಯಿಂದ ಅಪರಾಧಿ ಅವನೇ ಎಂದು ಗೊತ್ತಾದರೆ, ಆ ಸಾಕ್ಷಿಯ ಮಾತು ಹಿಂದಕ್ಕೆ ಹೋಗಿ ಸಾಕ್ಷ್ಯವಾಗುವುದೆ? ವಿಜ್ಞಾನಕ್ಕೂ ಊಹಾಪೋಹಕ್ಕೂ ಇರುವ ಅಂತರ ಇಷ್ಟು ತೆಳುವಾದ ಗೆರೆ. 1997ರವರು ಮೋಸಗಾರರಲ್ಲ, ಯೋಗ್ಯರೇ. ಯೋಗ್ಯರೂ ಈ ಗೆರೆಯನ್ನು ಅರಿಯದೆ ದಾಟಬಹುದೆಂಬುದೇ ನಾನು ಈ ಪ್ರಸಂಗವನ್ನು ಹೇಳಿದ್ದಕ್ಕೆ ಕಾರಣ.

ಎರಡನೆಯ ಪ್ರಸಂಗದಲ್ಲಿ ಪಣಕ್ಕಿದ್ದದ್ದು ಇನ್ನೂ ದೊಡ್ಡದು: ಗ್ಲೈಸೀನ್, ಅಂದರೆ ನಮ್ಮ ಶರೀರದ ಸಸಾರಜನಕ ವಸ್ತುಗಳ ಇಟ್ಟಿಗೆಗಳಲ್ಲಿ ಅತಿ ಸಣ್ಣದು. 2003ರಲ್ಲಿ ಕ್ವಾನ್ ಮತ್ತು ಸಂಗಡಿಗರು ಮೂರು ಮೋಡಗಳಲ್ಲಿ ಅದನ್ನು ಕಂಡೆವೆಂದು ಪ್ರಕಟಿಸಿದರು. (ಅವು ನಾನು ಹೇಳುತ್ತ ಬಂದ ತಣ್ಣನೆಯ ಮೋಡಗಳಲ್ಲ, ಹೊಸ ನಕ್ಷತ್ರಗಳ ಕಾವಿಗೆ ಬೆಚ್ಚಗಾದ, ನೂರಾರು ಅಣುಗಳ ರೇಖೆಗಳು ಸಂತೆಯ ಗದ್ದಲದಂತೆ ಒಂದರ ಮೇಲೊಂದು ಬೀಳುವ ತಾಣಗಳು.) ಸುದ್ದಿ ಜಗತ್ತನ್ನು ಸುತ್ತಿತು. ಎರಡು ವರ್ಷಗಳ ಅನಂತರ, 2005ರಲ್ಲಿ, ಅದನ್ನು ಪಾಟೀಸವಾಲಿಗೆ ಗುರಿಪಡಿಸಿದವರಲ್ಲಿ ಮೊದಲಿಗ ಬೇರಾರೂ ಅಲ್ಲ, ಎಕ್ಸೋಜೆನ್ನನ್ನು ಹೆಸರಿಡದೆ ಬಿಟ್ಟಿದ್ದ ಅದೇ ಸ್ನೈಡರ್. ಅಣುವಿನ ಅಲೆಯ ಅಳತೆ ಪ್ರಯೋಗಶಾಲೆಯಲ್ಲಿ ಖಚಿತವಾಗಿರಬೇಕು. ಎಲ್ಲ ರೇಖೆಗಳೂ ಮೋಡದ ಒಂದೇ ವೇಗವನ್ನು ತೋರಬೇಕು. ಒಂದು ರೇಖೆ ಇಷ್ಟು ಪ್ರಬಲವಾಗಿದ್ದರೆ ಅದರ ಸೋದರ ರೇಖೆಗಳು ತಮಗೆ ತಕ್ಕಷ್ಟು ಪ್ರಬಲವಾಗಿರಬೇಕು. ಇರಲೇಬೇಕಾದ ಒಂದೂ ಗೈರುಹಾಜರಾಗಿರಕೂಡದು. ಈ ಕೊನೆಯ ಮಾತಿನಲ್ಲಿ ಗ್ಲೈಸೀನಿನ ವಾದ ಕುಸಿಯಿತು. ಇರಲೇಬೇಕಾಗಿದ್ದ ರೇಖೆಗಳು ಅಲ್ಲಿರಲಿಲ್ಲ.

ಆ ವೃದ್ಧರ ಕೈಯಲ್ಲಿದ್ದ ತುಣುಕು ಯಾವ ವರ್ಷದ್ದೋ ನಾನು ಕೇಳಲಿಲ್ಲ. ಆದರೆ ಒಂದನ್ನು ಕೇಳಬಹುದು: 2003ರ ಸುದ್ದಿಯನ್ನು ಮುಖಪುಟಕ್ಕೆ ಏರಿಸಿದವರಲ್ಲಿ 2005ರ ಸುದ್ದಿಯನ್ನು ಹೇಳಿದವರೆಷ್ಟು ಮಂದಿ? ಸಿಕ್ಕಿತೆಂಬ ಮಾತಿಗೆ ಡೋಲು, ಸಿಗಲಿಲ್ಲವೆಂಬ ಮಾತಿಗೆ ಮೌನ. ಇದರಿಂದ ಓದುಗನಿಗೆ ಆಗುವ ಹಾನಿ ಸಣ್ಣದಲ್ಲ. ಎಂದೋ ಒಂದು ದಿನ ನಿಜವಾಗಿಯೂ ಗ್ಲೈಸೀನ್ ಸಿಕ್ಕಿದಾಗ ಅವನು, “ಇದನ್ನು ಹಿಂದೆಯೇ ಕೇಳಿದ್ದೆನಲ್ಲ” ಎಂದು ಪುಟ ಮಗುಚುತ್ತಾನೆ.

ಉತ್ಸಾಹವಿಲ್ಲದೆ ವಿಜ್ಞಾನಕ್ಕೆ ಹಣವೂ ಬರುವುದಿಲ್ಲ, ಹುಡುಗರೂ ಬರುವುದಿಲ್ಲ ಎಂದು ಗೆಳೆಯರೊಬ್ಬರು ನನ್ನನ್ನು ಆಕ್ಷೇಪಿಸುವುದುಂಟು. ಅದರಲ್ಲಿ ಸತ್ಯಾಂಶವಿದೆ. ಆದರೆ ಸುಳ್ಳು ಉತ್ಸಾಹ ಎಲ್ಲಿಗೆ ಒಯ್ಯುತ್ತದೆಂಬುದಕ್ಕೂ ನಿದರ್ಶನವಿದೆ. ಫ್ರೆಡ್ ಹಾಯ್ಲ್ ಅಸಾಮಾನ್ಯ ಮೇಧಾವಿ. ನಮ್ಮ ಮೈಯ ಇಂಗಾಲ ನಕ್ಷತ್ರಗಳ ಒಡಲಲ್ಲಿ ಹೇಗೆ ಬೆಂದು ಬಂದಿತೆಂಬುದನ್ನು ತಿಳಿಸಿಕೊಟ್ಟವರಲ್ಲಿ ಅಗ್ರಗಣ್ಯ. ಅಂಥವನು ಚಂದ್ರ ವಿಕ್ರಮಸಿಂಘೆಯೊಡನೆ ಸೇರಿ, ಮೋಡಗಳ ಧೂಳೇ ಜೀವಾಣುಗಳೆಂದೂ, ಭೂಮಿಗೆ ರೋಗರುಜಿನಗಳೂ ಅಲ್ಲಿಂದಲೇ ಇಳಿಯುತ್ತವೆಂದೂ ವಾದಿಸತೊಡಗಿದನು. ಮೋಡದಲ್ಲಿ ಇಂಗಾಲದ ಅಣುವಿದೆ ಎಂಬುದರಿಂದ ಮೋಡದಲ್ಲಿ ಜೀವವಿದೆ ಎಂಬುದಕ್ಕೆ ಹಾರುವ ಆ ಲಂಘನದಲ್ಲಿ, ನಡುವೆ ಒಂದು ಕಲ್ಲೂ ಇಲ್ಲ.

ನಮ್ಮವರ ಹಾರಾಟ ಇನ್ನೊಂದು ದಿಕ್ಕಿನದು. ಕತ್ತಲೆಯ ಮೋಡದಿಂದ ನಕ್ಷತ್ರಗಳು ಹುಟ್ಟುತ್ತವೆಂದು ಹೇಳಿದರೆ ಸಾಕು, ಸೃಷ್ಟಿಗೆ ಮೊದಲು ಕತ್ತಲೆ ಕತ್ತಲೆಯಿಂದ ಮುಚ್ಚಿದ್ದಿತೆಂದು ಋಗ್ವೇದದ ನಾಸದೀಯ ಸೂಕ್ತದಲ್ಲಿಯೇ ಇದೆಯಲ್ಲ ಎಂದು ಸಭೆಯಲ್ಲಿ ಒಬ್ಬರಾದರೂ ಏಳುತ್ತಾರೆ. ಇದೆ, ನಿಜ. ಆ ಸೂಕ್ತದ ಕೊನೆಯಲ್ಲಿ ಇನ್ನೊಂದು ಮಾತಿದೆ. ಈ ಸೃಷ್ಟಿ ಎಲ್ಲಿಂದ ಬಂದಿತೆಂಬುದನ್ನು ಮೇಲಿರುವ ಅಧ್ಯಕ್ಷನು ಬಲ್ಲನು, ಅಥವಾ ಅವನೂ ಅರಿಯನೋ ಏನೋ ಎಂಬ ಸಂಶಯದಲ್ಲಿ ಋಷಿ ತನ್ನ ಮಾತನ್ನು ನಿಲ್ಲಿಸಿದ್ದಾನೆ. ಎಕ್ಸೋಜೆನ್ನಿಗೆ ಹೆಸರಿಡದವರ ಸಂಗಡ ಆ ಋಷಿಯನ್ನು ಕೂರಿಸಲು ನನಗೆ ಸಂಕೋಚವಿಲ್ಲ. ಅವನ ಹೆಸರಿನಲ್ಲಿ ಎದ್ದು ನಿಲ್ಲುವವರ ಸಂಗಡ ಕೂರಿಸಲು ಮನಸ್ಸು ಬಾರದು.

ಹಾಗಾದರೆ ನ್ಯಾಯವಾಗಿ ಹೇಳಬಹುದಾದದ್ದು ಏನೂ ಇಲ್ಲವೆ? ಬೇಕಾದಷ್ಟಿದೆ. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ ಅಮೈನೋ ಆಮ್ಲಗಳಿದ್ದವು. ಸ್ಟಾರ್‌ಡಸ್ಟ್ ನೌಕೆ ಧೂಮಕೇತುವೊಂದರಿಂದ ತಂದ ಧೂಳಿನಲ್ಲಿ ಗ್ಲೈಸೀನ್ ಇರುವುದು 2009ರಲ್ಲಿ ಪ್ರಕಟವಾಯಿತು; ರೊಸೆಟ್ಟಾ ನೌಕೆ ಇನ್ನೊಂದು ಧೂಮಕೇತುವಿನ ಸುತ್ತ ಅದನ್ನೇ ಕಂಡ ವರದಿ 2016ರಲ್ಲಿ ಬಂದಿತು. ನಮ್ಮ ವೃಷಭದ ಮೋಡದಲ್ಲಿ ಸರಗಳ ಜತೆಗೆ ಉಂಗುರಗಳೂ ಇವೆಯೆಂಬುದು 2018ರಿಂದೀಚೆಗಿನ ಶೋಧ. ಇಲ್ಲಿಯ ಉಪಾಯವೂ ಸೊಗಸಾದುದೆ. ಬೆಂಜೀನಿನ ಉಂಗುರ ಸರ್ವಸಮವಾದುದರಿಂದ ರೇಡಿಯೋದಲ್ಲಿ ಅದಕ್ಕೆ ಧ್ವನಿಯಿಲ್ಲ. ಆದರೆ ಅದರ ಒಂದು ಮೂಲೆಗೆ ಇಂಗಾಲ-ಸಾರಜನಕದ ಜೋಡಿ ಅಂಟಿಕೊಂಡರೆ, ಕಾಡಿನಲ್ಲಿ ಮೇಯುವ ಹಸುವಿಗೆ ಕೊರಳಗಂಟೆ ಕಟ್ಟಿದ ಹಾಗೆ, ಎಲ್ಲಿದೆಯೆಂಬುದು ಕೇಳಿಸುತ್ತದೆ. ಈ ಗಂಟೆಯ ಸದ್ದನ್ನು ಹಿಡಿದು 2018ರಲ್ಲಿ ಒಂದು ಉಂಗುರದ್ದೂ, 2021ರಲ್ಲಿ ಎರಡು ಉಂಗುರದ್ದೂ, 2024ರಲ್ಲಿ ನಾಲ್ಕು ಉಂಗುರಗಳ ಪೈರೀನಿನ ಬಳಗದ್ದೂ ಸಿಕ್ಕಿದವು. ಜಪಾನಿನವರು ರ್ಯುಗು ಎಂಬ ಕ್ಷುದ್ರಗ್ರಹದಿಂದ 2020ರಲ್ಲಿ ತಂದ ಮಣ್ಣಿನಲ್ಲಿಯೂ ಪೈರೀನ್ ಇದ್ದಿತು. ಅಷ್ಟು ಶೀತದ ಮೋಡದಲ್ಲಿ ಹುಟ್ಟಿದ್ದು ಸೂರ್ಯಮಂಡಲ ಕಟ್ಟುವಾಗ ಸುಟ್ಟುಹೋಗದೆ ಉಳಿದು ಬರಬಹುದೆ? ಪ್ರಶ್ನೆಯನ್ನು ಕೇಳುವಷ್ಟು ಆಧಾರ ಈಗ ಇದೆ. ಉತ್ತರಕ್ಕೆ ಇನ್ನೂ ಸಾಲದು. ಇವುಗಳನ್ನು ಬೀಜವೆಂದು ಕರೆಯುವುದು ಸಲ್ಲದು. ಬೀಜದೊಳಗೆ ಮರದ ಕ್ರಮವೆಲ್ಲ ಅಡಗಿರುತ್ತದೆ. ಪೈರೀನಿನಲ್ಲಿ ಏನೂ ಅಡಗಿಲ್ಲ. ಅದು ಮಸಿಯ ಸಂಬಂಧಿ. ಹೆಚ್ಚೆಂದರೆ ಮಣ್ಣೆನ್ನಿ, ಗೊಬ್ಬರವೆನ್ನಿ.

ಇದೆಲ್ಲ ಎಲ್ಲೋ ಅಮೆರಿಕ ಕೆನಡಗಳ ಮಾತೆಂದೂ ತಿಳಿಯಬೇಕಾಗಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ, ಮರಗಳ ನಡುವೆ, ಮಿಲಿಮೀಟರ್ ಅಲೆಗಳಿಗೆಂದೇ 10.4 ಮೀಟರ್ ವ್ಯಾಸದ ತಟ್ಟೆಯೊಂದನ್ನು 1980ರ ದಶಕದಲ್ಲಿ ನಿಲ್ಲಿಸಿ, ನಕ್ಷತ್ರಗಳ ಸುತ್ತಣ ಅಣುಗಳ ರೇಖೆಗಳನ್ನು ಅದರಿಂದ ಅಳೆದಿದ್ದಾರೆ. ಗಾಳಿಯಲ್ಲಿನ ನೀರಾವಿ ಈ ಅಲೆಗಳಿಗೆ ಶತ್ರು. ಆದುದರಿಂದಲೇ ದೊಡ್ಡ ತಟ್ಟೆಗಳು ಚಿಲಿಯ ಮರುಭೂಮಿಯಲ್ಲಿ 5000 ಮೀಟರ್ ಎತ್ತರಕ್ಕೆ ಏರಿ ಕುಳಿತಿವೆ. ಮುಂಗಾರಿನ ಮೋಡ ಕವಿಯುವ ಊರಿನಲ್ಲಿ ಕುಳಿತು ಆಕಾಶದಾಚೆಯ ಮೋಡಗಳಿಗೆ ಕಿವಿಗೊಡಲು ಹೊರಟವರ ಎದೆಗಾರಿಕೆಯನ್ನು ನಮ್ಮಲ್ಲಿ ಯಾರೂ ದಪ್ಪಕ್ಷರದಲ್ಲಿ ಅಚ್ಚುಹಾಕಲಿಲ್ಲ.

ಸಭೆ ಕರಗಿದ ಮೇಲೆ ಆ ವೃದ್ಧರು ನನಗಾಗಿ ಬಾಗಿಲ ಬಳಿ ಕಾದಿದ್ದರು. ನಾನು ಹರ್ಕುಮುರ್ಕಾಗಿ ಗ್ಲೈಸೀನಿನ ಕಥೆಯನ್ನು ಹೇಳಿದೆ: ಧೂಮಕೇತುವಿನಲ್ಲಿ ಸಿಕ್ಕಿದೆ, ಉಲ್ಕೆಯಲ್ಲಿ ಸಿಕ್ಕಿದೆ, ಮೋಡದಲ್ಲಿ ಮಾತ್ರ ಸಿಕ್ಕಿತೆಂದದ್ದು ನಿಲ್ಲಲಿಲ್ಲ. ಅವರು ತುಣುಕನ್ನು ಮತ್ತೊಮ್ಮೆ ಓದಿ, ಮಡಿಸಿ, ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. “ಹಾಗಾದರೆ ಎಲ್ಲ ರೇಖೆಗಳೂ ಹಾಜರಾದ ದಿನ ನನಗೊಂದು ಕಾರ್ಡು ಬರೆಯಿರಿ” ಎಂದು ವಿಳಾಸ ಬರೆದುಕೊಟ್ಟರು. ಆ ಚೀಟಿ ನನ್ನ ಮೇಜಿನ ಮೇಲೆ, ಗಾಜಿನ ಕೆಳಗೆ ಇದೆ.